ಟ್ರಯಥ್ಲಾನ್ ಪಟುವೂ ವಿಶ್ರಾಂತಿಯೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಭ್ಯಾಸ ಲೇಖನ)

ದುಡಿಮೆಯನ್ನು ಹೊಗಳುವ ಗಾದೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತೇವೆ. ವಿಶ್ರಾಂತಿಯನ್ನು ಹೊಗಳುವ ಗಾದೆಯೊಂದನ್ನು ಹೇಳಿರೆಂದರೆ ಮಾತ್ರ ತಡವರಿಸುತ್ತೇವೆ. ದುಡಿದೇ ಉಣ್ಣಬೇಕಾದ ಮನೆಯಲ್ಲಿ ಹುಟ್ಟಿದವರಿಗೆ ಹಗಲಿನಲ್ಲಿ ಮಲಗುವುದೆಂದರೆ ಒಂದು ಬಗೆಯ ತಪ್ಪೇ ಸರಿ. ನಾನು ಅಂತಹ ಮನೆಯಿಂದ ಬಂದವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ವಿಶ್ರಾಂತಿಯ ಪರವಾಗಿ ಲೇಖನ ಬರೆಯಲು ಕುಳಿತಾಗ ನನಗೇ ಸಂಕೋಚವಾಯಿತು. ಆದರೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಈ ಸಂಕೋಚವನ್ನು ಬಿಡಿಸಿತು.

ಟ್ರಯಥ್ಲಾನ್ ಎಂಬ ದೀರ್ಘಶ್ರಮದ ಕ್ರೀಡೆಯಲ್ಲಿ ಸ್ಪರ್ಧೆಗಳ ಋತು ಮುಗಿದ ಮೇಲೆ ಪಟುವು ಏಕೆ ವಿಶ್ರಮಿಸಬೇಕು, ಹೇಗೆ ವಿಶ್ರಮಿಸಬೇಕು ಎಂಬುದೇ ಈ ಲೇಖನದ ವಿಷಯ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ; ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದುತ್ತಿರುವವಳು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳಿ ತಿಳಿದದ್ದನ್ನೂ ಓದಿ ಅರ್ಥಮಾಡಿಕೊಂಡದ್ದನ್ನೂ ನನಗೆ ತಿಳಿದ ಮಾತಿನಲ್ಲಿ ಇಲ್ಲಿ ಬರೆದಿದ್ದೇನೆ.

ಕ್ರೀಡೆಯ ಪರಿಚಯ

ಈಜು, ಸೈಕಲ್ ಸವಾರಿ, ಓಟ – ಈ ಮೂರನ್ನೂ ಒಂದರ ಹಿಂದೆ ಒಂದರಂತೆ, ನಡುವೆ ಬಿಡುವಿಲ್ಲದೆ, ಒಂದೇ ಸ್ಪರ್ಧೆಯಾಗಿ ಮುಗಿಸುವುದೇ ಟ್ರಯಥ್ಲಾನ್. ನೀರಿನಿಂದ ಎದ್ದು ಸೈಕಲ್ ಹತ್ತುವ, ಸೈಕಲ್ ಇಳಿದು ಬೂಟು ಕಟ್ಟಿಕೊಳ್ಳುವ ನಿಮಿಷಗಳೂ ಗಡಿಯಾರದ ಲೆಕ್ಕದೊಳಗೇ ಸೇರುತ್ತವೆ. ೧೯೭೪ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ ಈ ಹೆಸರಿನ ಸ್ಪರ್ಧೆ ನಡೆಯಿತು. ಅನಂತರ ೧೯೭೮ರ ಫೆಬ್ರವರಿ ೧೮ರಂದು ಹವಾಯಿಯ ಒಆಹು ದ್ವೀಪದಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿಯೂ ಅವರ ಪತ್ನಿ ಜೂಡಿಯೂ ಸೇರಿ, ಅಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ದೂರದ ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಹೊಂದಿಸಿದರು. ಸುಮಾರು ೩.೮ ಕಿಲೋಮೀಟರ್ ಈಜು, ೧೮೦ ಕಿಲೋಮೀಟರ್ ಸೈಕಲ್ ಸವಾರಿ, ಅದರ ಮೇಲೆ ೪೨.೨ ಕಿಲೋಮೀಟರಿನ ಮ್ಯಾರಥಾನ್ ಓಟ. ಅಂದು ಹದಿನೈದು ಮಂದಿ ಹೊರಟರು, ಹನ್ನೆರಡು ಮಂದಿ ಮುಗಿಸಿದರು. ಮೊದಲಿಗನಾದ ಗಾರ್ಡನ್ ಹಾಲರ್‌ಗೆ ೧೧ ಗಂಟೆ ೪೬ ನಿಮಿಷ ೫೮ ಸೆಕೆಂಡು ಹಿಡಿಯಿತು. ಇದೇ ಇಂದು ‘ಐರನ್‌ಮ್ಯಾನ್’ ಎಂದು ಲೋಕಪ್ರಸಿದ್ಧವಾಗಿರುವ ಸ್ಪರ್ಧೆಯ ಮೂಲ.

೨೦೦೦ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಬಾರಿಗೆ ಸೇರಿತು. ಅಲ್ಲಿಯ ದೂರ ಚಿಕ್ಕದು: ೧.೫ ಕಿಲೋಮೀಟರ್ ಈಜು, ೪೦ ಕಿಲೋಮೀಟರ್ ಸೈಕಲ್, ೧೦ ಕಿಲೋಮೀಟರ್ ಓಟ. ಐರನ್‌ಮ್ಯಾನ್‌ನ ಅರ್ಧ ದೂರದ ಸ್ಪರ್ಧೆಯೂ ಉಂಟು. ಅದು ೨೦೧೯ರಲ್ಲಿ ನಮ್ಮ ನೆರೆಯ ಗೋವೆಗೆ ಬಂದಿತು. ಅಲ್ಲಿಯ ಲೆಕ್ಕ ೧.೯ ಕಿಲೋಮೀಟರ್ ಈಜು, ೯೦ ಕಿಲೋಮೀಟರ್ ಸೈಕಲ್, ೨೧.೧ ಕಿಲೋಮೀಟರ್ ಓಟ. ಇಷ್ಟನ್ನು ಮಾಡುವ ಶಕ್ತಿ ಒಂದು ದಿನದಲ್ಲಿ ಬರುವುದಿಲ್ಲ. ವಾರಕ್ಕೆ ಹತ್ತು ಹದಿನೈದು ಗಂಟೆಗಳಂತೆ ತಿಂಗಳುಗಟ್ಟಲೆ ಅಭ್ಯಾಸ, ಅನಂತರ ಸ್ಪರ್ಧೆಗಳ ಕೆಲವು ತಿಂಗಳು – ಹೀಗೆ ವರ್ಷ ಉರುಳುತ್ತದೆ. ಕೊನೆಯ ಸ್ಪರ್ಧೆಯ ಮರುದಿನ ಬೆಳಗಾದಾಗ ಏನು ಮಾಡಬೇಕು? ಈ ಪ್ರಶ್ನೆಯೇ ನಮ್ಮ ಅಣ್ಣನನ್ನು ಕಾಡಿದ್ದು.

ಒಂದು ನಿದರ್ಶನ

ನನ್ನ ಅಣ್ಣ ಸೈನ್ಯದಲ್ಲಿದ್ದಾನೆ. ಈಜನ್ನು ಅವನು ಕಲಿತದ್ದು ನಮ್ಮೂರ ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ಸೈಕಲ್ ಅಭ್ಯಾಸವಾದದ್ದು ದಿನವೂ ಡೈರಿಗೆ ಹಾಲಿನ ಕ್ಯಾನು ಸಾಗಿಸಿ. ಓಟ ಕಲಿತದ್ದು ಸೈನ್ಯದ ಭರ್ತಿಗಾಗಿ. ಸೈನ್ಯ ಸೇರಿದ ಮೇಲೆ ಮೂರೂ ಬಲ್ಲ ಹುಡುಗನೆಂದು ಅವನನ್ನು ಟ್ರಯಥ್ಲಾನ್ ತಂಡಕ್ಕೆ ಆರಿಸಿಕೊಂಡರು. ೨೦೨೩ರ ಅಕ್ಟೋಬರಿನಲ್ಲಿ ಅವನು ಗೋವೆಯ ಅರ್ಧ ದೂರದ ಸ್ಪರ್ಧೆಯನ್ನು ಮುಗಿಸಿ, ಕೊರಳಿಗೆ ಬಿದ್ದ ಪದಕವನ್ನು ಚೀಲದಲ್ಲಿಟ್ಟುಕೊಂಡು ರಜೆಯ ಮೇಲೆ ಊರಿಗೆ ಬಂದ. ಆಗ ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ.

ಮೊದಲ ಮೂರು ದಿನ ಅವನಿಗೆ ಜಗುಲಿಯ ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತು. ಹಗಲೆಲ್ಲ ನಿದ್ದೆ ಮಾಡಿದ. ದಾರಿಯಲ್ಲಿ ಹೋಗುವವರು, “ಏನಪ್ಪಾ, ಸೈನ್ಯದಲ್ಲಿ ಮಲಗಿಸಿ ಸಂಬಳ ಕೊಡ್ತಾರಾ?” ಎಂದು ನಗೆಯಾಡಿದರು. ಅಪ್ಪ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅವರು ಬೆಳಗಾಗುವ ಮೊದಲೇ ಹೊಲಕ್ಕೆ ಹೋಗುವಾಗ ಬಾಗಿಲನ್ನು ಎಂದಿಗಿಂತ ಗಟ್ಟಿಯಾಗಿ ಎಳೆದುಕೊಳ್ಳುತ್ತಿದ್ದರು. ಐದನೆಯ ದಿನ ನೋವು ಇಳಿಯಿತು. ಅಣ್ಣ ನಾಲ್ಕು ಗಂಟೆಗೆ ಎದ್ದು ಕೆರೆ ಏರಿಯ ಮೇಲೆ ಓಡತೊಡಗಿದ. ಅದು ರಾಗಿ ಕೊಯ್ಲಿನ ಕಾಲ. ಬೆಳಗಿನ ಓಟ ಮುಗಿಸಿ ಹಗಲೆಲ್ಲ ಬಗ್ಗಿ ಕೊಯ್ಲು ಮಾಡಿದ. “ಸ್ವಲ್ಪ ಸುಧಾರಿಸಿಕೊಳ್ಳೋ ಅಣ್ಣ” ಎಂದರೆ, “ಒಂದು ವಾರ ಬಿಟ್ಟರೆ ವರ್ಷದ ಅಭ್ಯಾಸವೆಲ್ಲ ನೀರಾಗುತ್ತೆ ಕಣೆ” ಎನ್ನುತ್ತಿದ್ದ. ರಜೆ ಮುಗಿಯುವ ಹೊತ್ತಿಗೆ ಅವನ ಮುಖ ಸಣ್ಣಗಾಗಿತ್ತು. ಸಣ್ಣ ಮಾತಿಗೂ ಸಿಡುಕುತ್ತಿದ್ದ. ಎರಡು ಬಾರಿ ನೆಗಡಿ ಜ್ವರ ಬಂದು ಹೋಗಿತ್ತು. ನಮಗೆ ಯಾರಿಗೂ ಅದರ ಅರ್ಥ ತಿಳಿಯಲಿಲ್ಲ.

೨೦೨೪ರ ಜನವರಿಯಲ್ಲಿ ಅವನ ಬಲಗಾಲಿನ ಮುಂಗಾಲೆಲುಬಿನಲ್ಲಿ ಬಿರುಕು ಕಾಣಿಸಿತು. ಬಿದ್ದು ಆದದ್ದಲ್ಲ, ಏಟು ತಗುಲಿ ಆದದ್ದಲ್ಲ; ಬಿಡುವಿಲ್ಲದ ಬಳಕೆಯಿಂದ ಆದ ಬಿರುಕು ಎಂದು ವೈದ್ಯರು ಹೇಳಿದರಂತೆ. ಆ ಬೇಸಗೆಯ ಆಯ್ಕೆಯಲ್ಲಿ ಅವನು ನಿಲ್ಲಲಾಗಲಿಲ್ಲ. ತಂಡದಲ್ಲಿ ಅವನ ಸ್ಥಾನ ಬೇರೊಬ್ಬನಿಗೆ ಹೋಯಿತು. ಒಂದು ವಾರವನ್ನು ಉಳಿಸಲು ಹೋಗಿ ಅವನು ಒಂದು ವರ್ಷವನ್ನು ಕಳೆದುಕೊಂಡ. ಹೀಗೇಕಾಯಿತೆಂದು ತಿಳಿಯಲು ನಾನು ಓದತೊಡಗಿದೆ.

ಶರೀರದೊಳಗೆ ನಡೆಯುವುದೇನು?

ಅಭ್ಯಾಸದಿಂದ ಶಕ್ತಿ ಬರುತ್ತದೆ ಎಂದು ನಾವೆಲ್ಲರೂ ನಂಬಿದ್ದೇವೆ. ಇದು ಅರ್ಧ ಸತ್ಯ. ಅಭ್ಯಾಸದ ಹೊತ್ತಿನಲ್ಲಿ ಶರೀರವು ದಣಿಯುತ್ತದೆ, ಸವೆಯುತ್ತದೆ. ಅನಂತರದ ಬಿಡುವಿನಲ್ಲಿ ಆ ಸವಕಳಿಯನ್ನು ತುಂಬಿಕೊಂಡು, ಮತ್ತೆ ಅಂತಹ ಭಾರ ಬಂದರೆ ತಾಳಿಕೊಳ್ಳುವಂತೆ ತನ್ನನ್ನು ಸ್ವಲ್ಪ ಹೆಚ್ಚಾಗಿಯೇ ಸಜ್ಜುಗೊಳಿಸಿಕೊಳ್ಳುತ್ತದೆ. ಬಿಡುವೇ ಇಲ್ಲದಿದ್ದರೆ ಸವಕಳಿ ಮಾತ್ರ ಉಳಿಯುತ್ತದೆ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ೧೯೩೬ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಒತ್ತಡಕ್ಕೆ ಒಳಗಾದ ಪ್ರಾಣಿಯ ಶರೀರವು ಮೂರು ಹಂತಗಳನ್ನು ಹಾಯುತ್ತದೆಂದು ತೋರಿಸಿದರು. ಮೊದಲು ಎಚ್ಚರಗೊಳ್ಳುವುದು, ಆಮೇಲೆ ಎದುರಿಸಿ ನಿಲ್ಲುವುದು, ಒತ್ತಡ ತೀರದಿದ್ದರೆ ಕೊನೆಗೆ ಸೋತುಬೀಳುವುದು. ಕ್ರೀಡೆಯ ಶಿಕ್ಷಕರು ಈ ವಿಚಾರವನ್ನು ತಮ್ಮ ಕ್ಷೇತ್ರಕ್ಕೆ ಅನ್ವಯಿಸಿಕೊಂಡರು. ೧೯೬೦ರ ದಶಕದಲ್ಲಿ ಸೋವಿಯತ್ ದೇಶದ ಲೆವ್ ಮತ್ವೇಯೆವ್ ಎಂಬ ವಿದ್ವಾಂಸರು ಪಟುವಿನ ವರ್ಷವನ್ನು ಸಿದ್ಧತೆಯ ಕಾಲ, ಸ್ಪರ್ಧೆಯ ಕಾಲ, ಸಂಕ್ರಮಣ ಕಾಲ ಎಂದು ಮೂರಾಗಿ ವಿಂಗಡಿಸಿದರು. ಈ ಮೂರನೆಯ ಕಾಲವೇ ಋತುವಿನ ನಂತರದ ವಿಶ್ರಾಂತಿ. ವರ್ಷದ ಲೆಕ್ಕದಲ್ಲಿ ಮಿಕ್ಕೆರಡು ಕಾಲಗಳಿಗೆ ಇರುವಂತೆ ಅದಕ್ಕೂ ತನ್ನದೇ ಪಾಲು ಉಂಟು.

ದೀರ್ಘ ಸ್ಪರ್ಧೆಯೊಂದು ಮುಗಿದಾಗ ಶರೀರದಲ್ಲಿ ತುಂಬಿಕೊಳ್ಳಬೇಕಾದ ಸಾಲಗಳು ಹಲವು. ಅವುಗಳಲ್ಲಿ ಬೇಗ ತೀರುವುದು ಇಂಧನದ ಸಾಲ. ನಾವು ತಿಂದ ಅನ್ನ, ಮುದ್ದೆಗಳ ಪಿಷ್ಟವು ಗ್ಲೈಕೊಜೆನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿರುತ್ತದೆ. ಸಾಮಾನ್ಯವಾದ ಕಠಿಣ ಅಭ್ಯಾಸದ ನಂತರ ಚೆನ್ನಾಗಿ ಉಂಡರೆ ಇದು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಸ್ನಾಯುವಿಗೇ ಗಾಯವಾಗಿದ್ದರೆ ಇನ್ನೂ ತಡ.

ಸ್ನಾಯುಗಳ ಸಾಲ ಇದಕ್ಕಿಂತ ದೊಡ್ಡದು. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಮೈಭಾರವನ್ನು ತಡೆದು ನಿಲ್ಲಿಸುವ ತೊಡೆಯ ಸ್ನಾಯುಗಳು, ಎಳೆತಕ್ಕೆ ಸಿಕ್ಕಿಯೇ ಬಿಗಿಯಬೇಕಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವುಗಳ ಎಳೆಗಳು ಅಲ್ಲಲ್ಲಿ ಹರಿದಿರುವುದು ಕಾಣುತ್ತದೆ. ಈಜು, ಸೈಕಲ್‌ಗಳಲ್ಲಿ ಈ ಬಗೆಯ ಪೆಟ್ಟು ಕಡಿಮೆ. ಆದುದರಿಂದಲೇ ಟ್ರಯಥ್ಲಾನ್ ಪಟುವನ್ನು ಹೆಚ್ಚು ಕೆಡಿಸುವುದು ಕೊನೆಯ ಓಟ. ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳೊಳಗೆ ತುದಿಗೇರಿ ಅನಂತರ ಇಳಿಯುತ್ತದೆ. ನೋವು ಇಳಿದೊಡನೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದೇ ದೊಡ್ಡ ಮೋಸ. ಆಸ್ಟ್ರಿಯದ ಸಂಶೋಧಕರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ಣ ಐರನ್‌ಮ್ಯಾನ್ ಮುಗಿಸಿದ ೪೨ ಮಂದಿ ನುರಿತ ಪುರುಷ ಪಟುಗಳ ರಕ್ತವನ್ನು ಸ್ಪರ್ಧೆಯ ಮೊದಲೂ ಆಮೇಲೂ ಪರೀಕ್ಷಿಸಿದರು. ಐದನೆಯ ದಿನವಾದರೂ ಉರಿಯೂತದ ಗುರುತುಗಳು ಅವರ ರಕ್ತದಲ್ಲಿ ಉಳಿದೇ ಇದ್ದವು. ಸ್ನಾಯುಗಳು ಇನ್ನೂ ಪೂರ್ಣವಾಗಿ ಸುಧಾರಿಸಿಲ್ಲವೆಂಬುದಕ್ಕೆ ಅದು ಸೂಚನೆಯೆಂದು ಅವರು ಭಾವಿಸಿದರು. ಇದನ್ನು ಓದಿದಾಗ, ಐದನೆಯ ದಿನವೇ ಕೆರೆ ಏರಿಯ ಮೇಲೆ ಓಡಿದ ಅಣ್ಣ ನನ್ನ ಕಣ್ಣ ಮುಂದೆ ಬಂದ. ಅವನು ಓಡಿದ್ದು ಅರ್ಧ ದೂರವೇ ಆದರೂ, ಅದರ ಮೇಲೆ ಒಂದು ಹೊಲದ ರಾಗಿಯನ್ನೂ ಕೊಯ್ದಿದ್ದ.

ಎಲ್ಲಕ್ಕಿಂತ ನಿಧಾನವಾದುದು ಎಲುಬಿನ ಲೆಕ್ಕ. ಎಲುಬು ಕಲ್ಲಿನಂತೆ ಜಡವಾದುದಲ್ಲ. ಅದು ಸದಾ ತನ್ನ ಹಳೆಯ ಭಾಗವನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತಿರುತ್ತದೆ. ಕರಗಿಸುವ ಕೆಲಸ ಕೆಲವು ವಾರಗಳಲ್ಲಿ ಮುಗಿದರೆ, ಕಟ್ಟುವ ಕೆಲಸಕ್ಕೆ ತಿಂಗಳುಗಳೇ ಬೇಕು. ಹಳೆಯ ಗೋಡೆ ಕೆಡವಿ ಹೊಸ ಗೋಡೆ ಏಳುವ ಮುನ್ನವೇ ಅದರ ಮೇಲೆ ತೊಲೆ ಹೊರಿಸಿದರೆ ಏನಾಗುವುದೋ, ಬಿಡುವಿಲ್ಲದೆ ಓಡುವವನ ಮುಂಗಾಲೆಲುಬಿಗೂ ಅದೇ ಆಗುತ್ತದೆ.

ಈ ದುರಸ್ತಿಗೆಲ್ಲ ಬೇಕಾದ ಮುಖ್ಯ ಸಾಧನ ನಿದ್ರೆ. ಗಾಢನಿದ್ರೆಯಲ್ಲಿಯೇ ಶರೀರವು ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಊರವರು ನಗೆಯಾಡಿದ ಅಣ್ಣನ ಆ ಮೂರು ದಿನದ ನಿದ್ದೆಯೇ ಆ ರಜೆಯಲ್ಲಿ ಅವನು ಮಾಡಿದ ಸರಿಯಾದ ಕೆಲಸವಾಗಿತ್ತು.

ಕಳೆದುಹೋಗುವ ಭಯ

“ಒಂದು ವಾರ ಬಿಟ್ಟರೆ ಎಲ್ಲ ನೀರಾಗುತ್ತೆ” ಎಂಬ ಅಣ್ಣನ ಭಯವು ಎಷ್ಟರಮಟ್ಟಿಗೆ ನಿಜ? ಅಮೆರಿಕದ ಎಡ್ವರ್ಡ್ ಕಾಯ್ಲ್ ಎಂಬ ಸಂಶೋಧಕರೂ ಅವರ ಸಂಗಡಿಗರೂ ೧೯೮೪ರಲ್ಲಿ ಇದನ್ನು ಅಳೆದು ನೋಡಿದರು. ಚೆನ್ನಾಗಿ ಪಳಗಿದ ಏಳು ಮಂದಿ ಪಟುಗಳು ೮೪ ದಿನಗಳ ಕಾಲ ಅಭ್ಯಾಸವನ್ನು ಸಂಪೂರ್ಣವಾಗಿ ನಿಲ್ಲಿಸಿದರು. ಶರೀರವು ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲದೆಂಬ ಅಳತೆಯು ಮೊದಲ ೨೧ ದಿನಗಳಲ್ಲಿ ಶೇಕಡಾ ೭ರಷ್ಟು ಇಳಿಯಿತು. ೫೬ ದಿನಗಳ ಹೊತ್ತಿಗೆ ಶೇಕಡಾ ೧೬ರಷ್ಟು ಇಳಿದು ಅಲ್ಲಿಗೆ ನಿಂತಿತು. ಹಾಗಾದರೆ ನಷ್ಟವಿಲ್ಲವೆಂದು ಹೇಳುವಂತಿಲ್ಲ, ನಷ್ಟವುಂಟು. ಆದರೆ ಮೂರು ವಾರ ಕೈಕಾಲು ಕಟ್ಟಿ ಕುಳಿತರೂ ನೂರರಲ್ಲಿ ತೊಂಬತ್ತಮೂರು ಪಾಲು ಉಳಿದೇ ಇರುತ್ತದೆ. ಹೋದ ಏಳು ಪಾಲು ಅಭ್ಯಾಸದಿಂದ ಮರಳಿ ಬರುವಂಥದು. ಪಟುವಾದವನು ಮೂರು ವಾರವೂ ಸುಮ್ಮನೆ ಕೂರಬೇಕಾಗಿಯೂ ಇಲ್ಲ. ಲಘುವಾಗಿ ಮೈ ಆಡಿಸುತ್ತಿದ್ದರೆ ನಷ್ಟ ಇನ್ನೂ ಕಡಿಮೆ. ಇತ್ತ ಮುರಿದ ಎಲುಬಿನ ನಷ್ಟವನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳಲಾದೀತೆ?

ಇಲ್ಲಿ ಮಾರ್ಕ್ ಅಲೆನ್ ಎಂಬ ಅಮೆರಿಕದ ಪಟುವಿನ ಉದಾಹರಣೆಯನ್ನು ನೆನೆಯಬಹುದು. ಹವಾಯಿಯ ಸ್ಪರ್ಧೆಯು ೧೯೮೧ರಲ್ಲಿ ಒಆಹು ದ್ವೀಪದಿಂದ ಕೋನಾಕ್ಕೆ ಸ್ಥಳ ಬದಲಿಸಿತ್ತು. ಅಲೆನ್ ಅಲ್ಲಿ ೧೯೮೯ರಿಂದ ೧೯೯೩ರವರೆಗೆ ಐದು ವರ್ಷ ಸತತವಾಗಿ ಗೆದ್ದರು. ಇಂತಹ ಗೆಲುವಿನ ತುದಿಯಲ್ಲಿರುವವರು ಯಾರೂ ಆ ಕಣವನ್ನು ಬಿಟ್ಟು ದೂರ ನಿಲ್ಲಲು ಒಪ್ಪುವುದಿಲ್ಲ. ಆದರೆ ಅಲೆನ್ ೧೯೯೪ರಲ್ಲಿ ಕೋನಾಕ್ಕೆ ಇಳಿಯಲಿಲ್ಲ. ಆ ವರ್ಷ ಬೇರೊಬ್ಬರು ಗೆದ್ದರು. ೧೯೯೫ರಲ್ಲಿ ಅವರು ಮರಳಿ ಬಂದಾಗ ವಯಸ್ಸು ೩೭. ಸೈಕಲ್ ಇಳಿದಾಗ ಜರ್ಮನಿಯ ತರುಣ ಥಾಮಸ್ ಹೆಲ್‌ರೀಗಲ್ ಅವರಿಗಿಂತ ೧೩ ನಿಮಿಷಕ್ಕೂ ಹೆಚ್ಚು ಮುಂದಿದ್ದ. ಮ್ಯಾರಥಾನ್ ಓಟದಲ್ಲಿ ಅಲೆನ್ ಆ ಅಂತರವನ್ನೆಲ್ಲ ಮುಚ್ಚಿ, ಅವನನ್ನು ಹಿಂದೆ ಹಾಕಿ, ಆರನೆಯ ಬಾರಿಗೆ ಗೆದ್ದರು. ಗೆಲುವಿಗೆ ಆ ಬಿಡುವೊಂದೇ ಕಾರಣವೆಂದು ನಾನು ಹೇಳುವುದಿಲ್ಲ; ಅವರ ಹಿಂದೆ ಹಲವು ವರ್ಷಗಳ ಸಾಧನೆಯಿತ್ತು. ಆದರೆ ಒಂದು ವರ್ಷ ಆ ಕಣದಿಂದ ದೂರವಿದ್ದವನು ಮುಗಿದೇ ಹೋದ ಎಂಬ ಭಯವು ಸುಳ್ಳೆಂದು ತೋರಿಸಲು ಇಷ್ಟು ಸಾಕು.

ವಿಶ್ರಾಂತಿಯ ಕ್ರಮ

ವಿಶ್ರಾಂತಿಯೆಂದರೆ ಚಾಪೆ ಹಾಸಿ ತಿಂಗಳು ಮಲಗುವುದಲ್ಲ. ಅಭ್ಯಾಸಕ್ಕೆ ಕ್ರಮವಿರುವಂತೆ ಇದಕ್ಕೂ ಕ್ರಮವುಂಟು. ದೂರದ ಸ್ಪರ್ಧೆಗಳ ಪಟುಗಳಿಗೆ ಎರಡರಿಂದ ನಾಲ್ಕು ವಾರಗಳ ಬಿಡುವು, ಅನಂತರ ನಿಧಾನವಾದ ಪುನರಾರಂಭ ಎಂಬುದು ತರಬೇತುದಾರರಲ್ಲಿ ರೂಢಿಯಲ್ಲಿರುವ ಪದ್ಧತಿ. ನಾನು ತಿಳಿದುಕೊಂಡಂತೆ ಅದರ ಹಂತಗಳು ಹೀಗಿವೆ:

ಮೊದಲನೆಯ ವಾರ: ಅಭ್ಯಾಸವೆಂಬ ಹೆಸರೇ ಇರಕೂಡದು. ಚೆನ್ನಾಗಿ ನಿದ್ದೆ, ಹೊಟ್ಟೆತುಂಬ ಊಟ, ಸಾಕಷ್ಟು ನೀರು. ಮೈ ಜಡವಾದರೆ ಸಂಜೆ ಸ್ವಲ್ಪ ನಡೆದಾಡಬಹುದು. ಅಭ್ಯಾಸವಿಲ್ಲವೆಂದು ಊಟ ಬಿಡುವುದು ತಪ್ಪು. ಹರಿದ ಎಳೆಗಳನ್ನು ಹೆಣೆಯಲು ಬೇಳೆ, ಕಾಳು, ಮೊಟ್ಟೆ, ಹಾಲುಗಳ ಸಸಾರಜನಕ ಬೇಕೇ ಬೇಕು. ನಮ್ಮ ಕಡೆಯ ಹುರುಳಿ ಸಾರು, ಮುದ್ದೆ, ಮೇಲೊಂದು ಲೋಟ ಮಜ್ಜಿಗೆ ಇದಕ್ಕೆ ಕೆಟ್ಟ ಊಟವೇನಲ್ಲ. ಒಂದೆರಡು ಕಿಲೋ ತೂಕ ಏರಿದರೆ ಗಾಬರಿಪಡಬೇಕಾಗಿಲ್ಲ.

ಎರಡು ಮತ್ತು ಮೂರನೆಯ ವಾರ: ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟು ಮನಸ್ಸು ಬಂದಷ್ಟು ಈಜಬಹುದು, ಸೈಕಲ್ ತುಳಿಯಬಹುದು. ನೀರು ಮೈಭಾರವನ್ನು ತಾನು ಹೊರುವುದರಿಂದ ಈಜು ಎಲ್ಲಕ್ಕಿಂತ ಮೃದುವಾದುದು. ಓಟಕ್ಕೆ ಮಾತ್ರ ಆತುರಪಡಬಾರದು. ಸ್ಪರ್ಧೆಯಲ್ಲಿ ಕೊನೆಗೆ ಬರುವ ಓಟ ವಿಶ್ರಾಂತಿಯಲ್ಲಿಯೂ ಕೊನೆಗೇ ಬರಬೇಕು. ಬೇರೆ ಆಟವೊಂದನ್ನು ಗೆಲ್ಲುವ ಹಟವಿಲ್ಲದೆ ಆಡುವುದೂ ಒಳ್ಳೆಯದು.

ನಾಲ್ಕನೆಯ ವಾರದಿಂದ: ನಡಿಗೆಯ ನಡುನಡುವೆ ಸಣ್ಣ ಓಟ. ಋತುವಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಹಳೆಯ ನೋವುಗಳನ್ನು ವೈದ್ಯರಿಗೋ ಫಿಜಿಯೋಥೆರಪಿಯವರಿಗೋ ತೋರಿಸಲು ಇದೇ ಸಮಯ. ಈಜುವವರ ಭುಜ, ಸೈಕಲ್ ತುಳಿಯುವವರ ಸೊಂಟ, ಓಡುವವರ ಮೀನಖಂಡ ಇವುಗಳನ್ನು ಬಲಪಡಿಸುವ ವ್ಯಾಯಾಮಗಳನ್ನೂ ಆಗಲೇ ಆರಂಭಿಸಬಹುದು. ಇದಾದ ಮೇಲೆ ಹೊಸ ವರ್ಷದ ಅಭ್ಯಾಸಕ್ಕೆ ತಳಪಾಯ ಹಾಕಬೇಕು.

ಎಚ್ಚರಿಕೆಯ ಗುರುತುಗಳು

ವಿಶ್ರಾಂತಿ ಸಾಲದಾದಾಗ ಶರೀರವು ಮೊದಲೇ ಹೇಳುತ್ತದೆ, ಕೇಳಿಸಿಕೊಳ್ಳುವವರು ಬೇಕು. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮುನ್ನ, ನಾಡಿಬಡಿತವನ್ನು ಎಣಿಸಿ ಬರೆದಿಡುವುದು ಹಳೆಯ ಪದ್ಧತಿ. ಅದು ತನ್ನ ಎಂದಿನ ಲೆಕ್ಕಕ್ಕಿಂತ ದಿನದಿಂದ ದಿನಕ್ಕೆ ಏರಿಯೇ ಇದ್ದರೆ ಎಚ್ಚರವಹಿಸಬೇಕು. ನಿದ್ದೆ ಬಾರದಿರುವುದು, ಹಸಿವು ಕೆಡುವುದು, ಮತ್ತೆ ಮತ್ತೆ ನೆಗಡಿಯಾಗುವುದು, ಕಾರಣವಿಲ್ಲದ ಸಿಡುಕು, ಪ್ರಿಯವಾದ ಆಟದಲ್ಲಿಯೇ ಬೇಸರ – ಇವೆಲ್ಲ ಗುರುತುಗಳು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾವು ಅಣ್ಣನಲ್ಲಿ ಕಂಡಿದ್ದೆವು. ಸ್ವಭಾವ ಕೆಟ್ಟಿತೆಂದುಕೊಂಡೆವೇ ಹೊರತು ದಣಿವೆಂದು ತಿಳಿಯಲಿಲ್ಲ. ಯೂರೋಪು ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳು ೨೦೧೩ರಲ್ಲಿ ಕೂಡಿ ಹೊರಡಿಸಿದ ಹೇಳಿಕೆಯೊಂದರ ಪ್ರಕಾರ, ಅತಿ ಅಭ್ಯಾಸದ ದಣಿವಿನಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದರಿಂದ ಕೆಲವು ದಿನ ಅಥವಾ ವಾರಗಳಲ್ಲಿ ಏಳಬಹುದು, ಎರಡನೆಯದರಿಂದ ಏಳಲು ವಾರಗಳೋ ತಿಂಗಳುಗಳೋ ಬೇಕು. ಮೂರನೆಯದಕ್ಕೆ ಇಳಿದವರು ಹಲವು ತಿಂಗಳು ಕಳೆದರೂ ಏಳಲಾರರು. ಇದನ್ನು ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆಯಿಲ್ಲ. ಆದುದರಿಂದ ಪಟುವೂ ಜೊತೆಯಲ್ಲಿರುವವರೂ ಗಮನಿಸುತ್ತಿರುವುದೇ ದಾರಿ.

ಸೋದರಿಯರಿಗಾಗಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ದುಡಿಮೆಗೆ ತಕ್ಕ ಊಟವಿಲ್ಲದೆ ಅಭ್ಯಾಸ ಮಾಡುವ ಹುಡುಗಿಯರಲ್ಲಿ ಮುಟ್ಟು ತಪ್ಪುತ್ತದೆ ಅಥವಾ ನಿಂತೇಹೋಗುತ್ತದೆ, ಎಲುಬುಗಳು ಬಲಗುಂದುತ್ತವೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೧೪ರಲ್ಲಿ ಈ ಅಪಾಯವನ್ನು ವಿವರಿಸಿ, ಗಂಡಸರೂ ಇದರಿಂದ ಹೊರತಲ್ಲವೆಂದು ತಿಳಿಸಿತು. ‘ತಾಪತ್ರಯ ತಪ್ಪಿತು’ ಎಂದು ಸುಮ್ಮನಿರುವ ಗೆಳತಿಯರನ್ನು ನಾನು ನಮ್ಮ ಆಟದ ಮೈದಾನದಲ್ಲಿಯೇ ಕಂಡಿದ್ದೇನೆ. ಅದು ವೈದ್ಯರಿಗೆ ಹೇಳಬೇಕಾದ ಸಂಗತಿ.

ಮನಸ್ಸಿನ ಮಾತು

ಇಷ್ಟೆಲ್ಲ ತಿಳಿದರೂ ವಿಶ್ರಮಿಸುವುದು ಸುಲಭವಲ್ಲ. ಒಂದು ದಿನದ ಸಲುವಾಗಿ ವರ್ಷವಿಡೀ ಬದುಕಿದವನಿಗೆ ಆ ದಿನ ಕಳೆದೊಡನೆ ಮನಸ್ಸು ಖಾಲಿಯಾಗುತ್ತದೆ. ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ, ಎದ್ದು ಮಾಡಲು ಏನೂ ಇಲ್ಲ. ಸಂಸಾರ ನಡೆಯುವುದು ತನ್ನ ಕಾಲಿನ ಬಲದಿಂದಲೇ ಎಂದು ತಿಳಿದವನಿಗಂತೂ ಕಾಲು ಚಾಚಿ ಕೂರುವುದು ನಾಚಿಕೆಯ ಸಂಗತಿ. ಅಣ್ಣನನ್ನು ಐದನೆಯ ದಿನ ಎಬ್ಬಿಸಿ ಓಡಿಸಿದ್ದು ಅವನ ಹುಮ್ಮಸ್ಸಲ್ಲ. ದಾರಿಹೋಕರ ನಗೆ, ಅಪ್ಪನ ಮೌನ, ಮತ್ತು ಬಡವರ ಮನೆಯ ಮಕ್ಕಳಿಗೆ ಹುಟ್ಟಿನಿಂದಲೇ ಬರುವ ಆ ನಾಚಿಕೆ. ಇದನ್ನು ಯಾವ ವಿಜ್ಞಾನದ ಪುಸ್ತಕದಲ್ಲಿಯೂ ನಾನು ಓದಲಿಲ್ಲ, ನಮ್ಮ ಜಗುಲಿಯ ಮೇಲೆ ಕಂಡುಕೊಂಡೆ.

ಅಣ್ಣ ಮರಳಿ ತಂಡ ಸೇರಿ ೨೦೨೫ರ ಋತುವನ್ನು ಮುಗಿಸಿ ಬಂದಾಗ ಮತ್ತೆ ರಾಗಿ ಕೊಯ್ಲು ಬಂದಿತ್ತು. ಬಂದ ಮೂರನೆಯ ದಿನವೇ ಕುಡುಗೋಲು ಹಿಡಿದು ಹೊರಟು ನಿಂತ. ನಾನು ಮೇಲೆ ಹೇಳಿದ ಲೆಕ್ಕಗಳನ್ನೆಲ್ಲ ಒಪ್ಪಿಸಿದೆ. “ನಿನ್ನ ಪುಸ್ತಕ ನೀನೇ ಇಟ್ಕೊಳೆ” ಎಂದ. ಆಗ ಕೊಟ್ಟಿಗೆಯಿಂದ ಬಂದ ಅವ್ವ ಹೇಳಿದಳು: “ಸೋಮವಾರ ಎತ್ತಿನ ಹೆಗಲ ಮೇಲೆ ನಾವು ನೊಗ ಇಡಲ್ಲ. ಎತ್ತಿಗಿರೋ ಸೋಮವಾರ ನನ್ನ ಮಗನಿಗಿಲ್ವಾ?” ಅಪ್ಪ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಣ್ಣನ ಕೈಯಿಂದ ಕುಡುಗೋಲನ್ನು ತೆಗೆದುಕೊಂಡು ಸೂರಿಗೆ ಸಿಕ್ಕಿಸಿ ಹೊಲಕ್ಕೆ ಹೋದರು. ಆ ವರ್ಷ ಕೊಯ್ಲಿಗೆ ಒಂದು ಆಳು ಹೆಚ್ಚಾಗಿ ಹಿಡಿದೆವು. ಕೂಲಿಯನ್ನು ಅಣ್ಣನೇ ಕೊಟ್ಟ. ನಾನು ನಾಲ್ಕು ವಾರಗಳ ಪಟ್ಟಿಯೊಂದನ್ನು ಬ��ೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದೆ. ಮೊದಲನೆಯ ವಾರದ ಎದುರಿಗೆ ‘ನಿದ್ದೆ, ಊಟ, ನಡಿಗೆ’ ಎಂದಷ್ಟೇ ಇತ್ತು. ಅಣ್ಣ ಪ್ರತಿ ದಿನವೂ ಅದರ ಮೇಲೆ ಗೆರೆ ಎಳೆಯುತ್ತಿದ್ದ, ಅಭ್ಯಾಸದ ಪುಸ್ತಕದಲ್ಲಿ ಎಳೆಯುವ ಹಾಗೆಯೇ.

ಆ ಪಟ್ಟಿಯನ್ನು ಬರೆಯುವಾಗ ಒಂದು ಮಾತು ನನ್ನನ್ನು ಚುಚ್ಚಿತು. ಎತ್ತು ನಿಂತ ಸೋಮವಾರ ಅವ್ವ ನಿಲ್ಲುವುದಿಲ್ಲ; ಅಂದು ಕೊಟ್ಟಿಗೆ ತೊಳೆಯುವ, ಬಟ್ಟೆ ಒಗೆಯುವ ಕೆಲಸ ಅವಳದು. ಅವಳಿಗೆ ಸಂಕ್ರಮಣ ಕಾಲವೆಂಬುದನ್ನು ಯಾವ ವಿದ್ವಾಂಸರೂ ಗೊತ್ತುಮಾಡಿಲ್ಲ. ವಿಶ್ರಾಂತಿಯ ಅವಶ್ಯಕತೆಯನ್ನು ಒಬ್ಬ ಮಗನ ಕಾಲಿನಿಂದ ಕಲಿತ ಮನೆ, ಅದನ್ನು ತಾಯಿಯ ಬೆನ್ನಿಗೂ ಅನ್ವಯಿಸಬೇಕು. ಈಗ ಸೋಮವಾರದ ಕೊಟ್ಟಿಗೆಯ ಕೆಲಸವನ್ನು, ಕಾಲೇಜಿಗೆ ಹೊರಡುವ ಮೊದಲು, ನಾನು ಮಾಡುತ್ತಿದ್ದೇನೆ.

ಉಪಸಂಹಾರ

ನಮ್ಮ ಕಾಲೇಜಿನಲ್ಲಿ ಟ್ರಯಥ್ಲಾನ್ ಪಟುಗಳಿಲ್ಲ. ಆದರೆ ಗುಡ್ಡಗಾಡು ಓಟದವರಿದ್ದಾರೆ, ಕಬಡ್ಡಿಯವರಿದ್ದಾರೆ. ಅಂತರ ಕಾಲೇಜು ಪಂದ್ಯಗಳು ಮುಗಿದ ಮರುದಿನವೇ ಪೊಲೀಸ್ ಭರ್ತಿಗೋ ಸೈನ್ಯದ ಭರ್ತಿಗೋ ಓಡುವ ಗೆಳೆಯರಿದ್ದಾರೆ. ಅವರಲ್ಲಿ ಬಹುಮಂದಿಗೆ ಕಾಲೇ ಬಂಡವಾಳ. ಮಿತ್ರರೇ, ಬಂಡವಾಳವನ್ನು ದಿನವೂ ಖರ್ಚುಮಾಡುವವನನ್ನು ಯಾರೂ ಉದ್ಯೋಗಶೀಲನೆನ್ನುವುದಿಲ್ಲ. ದುಡಿದದ್ದು ಮೈಗೂಡುವುದು ಬಿಡುವಿನಲ್ಲಿಯೇ ಎಂಬುದನ್ನು ನೆನಪಿಡೋಣ. ನಿಮ್ಮ ವರ್ಷದ ಅಭ್ಯಾಸಪಟ್ಟಿಯನ್ನು ಬರೆಯುವಾಗ ಕೊನೆಯ ಸ್ಪರ್ಧೆಯ ತಾರೀಖಿನ ಕೆಳಗೆ ಗೆರೆ ಎಳೆದು ಮುಗಿಸಬೇಡಿ; ಅದರ ಕೆಳಗೆ ಇನ್ನೂ ನಾಲ್ಕು ಸಾಲು ಜಾಗ ಬಿಟ್ಟು, ವಿಶ್ರಾಂತಿಯ ನಾಲ್ಕು ವಾರಗಳನ್ನೂ ಬರೆದಿಡಿ. ನಗುವವರು ನಗಲಿ. ಅಣ್ಣ ಈಗ ಮರಳಿ ಅಭ್ಯಾಸ ಆರಂಭಿಸಿದ್ದಾನೆ. ಕಾಲು ನೋಯುತ್ತಿಲ್ಲವೆಂದು ಕಳೆದ ವಾರ ಫೋನಿನಲ್ಲಿ ತಿಳಿಸಿದ.